ಸುಬೇದಾರನ ಉಣ್ಣಿಗಳು

ಸಾಸಿವೆ ಸಿಡಿಯುವ ಸದ್ದು ಅಂದುಕೊಂಡಿದ್ದೆ. ಚಟ್, ಚಟ್ ಎಂದು ಬಿಟ್ಟು ಬಿಟ್ಟು ಕೇಳುತ್ತಿತ್ತು, ಒಗ್ಗರಣೆಯ ವಾಸನೆ ಮಾತ್ರ ಇರಲಿಲ್ಲ. ಶಿರಾ ತಾಲ್ಲೂಕಿನಲ್ಲಿ, ಪಟ್ಟನಾಯಕನಹಳ್ಳಿಯಿಂದ ಆಚೆ, ಕುರಿ ಕೂಡುವ ಒಂದು ರೊಪ್ಪದ ಮುಂದೆ ಮೂರು ಕಲ್ಲಿನ ಒಲೆ. ಅದರ ಪಕ್ಕ ಒಬ್ಬ ಹೆಂಗಸು ಕಾಲು ಚಾಚಿ ಕೂತಿದ್ದಳು. ಒಲೆಯ ಮೇಲೆ ಪಾತ್ರೆಯೇ ಇಲ್ಲ. ಅವಳ ತೊಡೆಯ ಮೇಲೆ ಬೂದು ಬಣ್ಣದ ದೊಡ್ಡ ನಾಯಿಯ ತಲೆ. ಅದರ ಕಿವಿಯೊಳಗಿಂದ ಹರಳುಬೀಜದ ಹಾಗೆ ಊದಿದ ಉಣ್ಣಿಗಳನ್ನು ಒಂದೊಂದಾಗಿ ಕಿತ್ತು ಕೆಂಡಕ್ಕೆ ಎಸೆಯುತ್ತಿದ್ದಳು. ಆ ಸದ್ದು ಅದು. ಆಮೇಲೆ ಎಷ್ಟೋ ದಿನ ನಮ್ಮ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವಾಗ ನನ್ನ ಕೈ ತಡೆಯುತ್ತಿತ್ತು.

"ಉಣ್ಣಿ ಸುಟ್ರೆ ಪಾಪ ಬತ್ತದಾ ಅಮ್ಮಾರೆ?" ಎಂದು ತಲೆ ಎತ್ತದೆಯೇ ಕೇಳಿದಳು.

"ಬರಲ್ಲ ಅನ್ನಿಸುತ್ತೆ," ಅಂದೆ.

"ಹಂಗಾರೆ ಕೂತ್ಕಳಿ."

ಮಧುಗಿರಿಯಲ್ಲಿ ಒಂದು ಬಾಡಿಗೆ ಕೋಣೆ, ಒಂದು ಹಳೆ ವ್ಯಾನು, ಒಬ್ಬ ಪಶುವೈದ್ಯರು ಮತ್ತು ನಾನು. ಪ್ರಾಣಿದಯೆಯ ಒಂದು ಚಿಕ್ಕ ಟ್ರಸ್ಟಿನ ಪರವಾಗಿ ನಡೆಯುತ್ತಿದ್ದ ಕ್ಯಾಂಪು ಅಂದರೆ ಇಷ್ಟೇ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸುತ್ತಿ, ಉಣ್ಣಿ ಮತ್ತು ಚಿಗಟಗಳಿಂದ ನಾಯಿಗಳನ್ನು ಕಾಪಾಡುವುದು ಆ ವರ್ಷದ ಕೆಲಸ. ಡಾಕ್ಟರು ಪಾವಗಡದ ಕಡೆಯವರು. ವ್ಯಾನನ್ನು ತಾವೇ ಓಡಿಸುತ್ತಿದ್ದರು, ಸಿಟ್ಟು ಬಂದರೆ ತೆಲುಗಿಗೆ ಹೊರಳುತ್ತಿದ್ದರು. ರಕ್ತ ಪರೀಕ್ಷೆ, ಇಂಜೆಕ್ಷನ್ ಅವರದು. ತೂಕ ಹಾಕಿಸುವುದು, ಹನಿ ಬಿಡುವುದು, ಜನರ ಹತ್ತಿರ ಮಾತಾಡುವುದು ನನ್ನದು. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಕೇಳಿದವರಿಗೆ "ಜಸ್ಟ್ ಲೈಕ್ ದಟ್" ಎಂದು ನಗುತ್ತಿದ್ದೆ. ಅದಕ್ಕಿಂತ ಒಳ್ಳೆಯ ಉತ್ತರ ನನಗೂ ಗೊತ್ತಿರಲಿಲ್ಲ.

ಹೇಳುವುದಕ್ಕೆ ಸುಲಭದ ಕೆಲಸ. ಮೊದಲು ತೂಕ. ಕುರಿ ಕಾಯುವ ನಾಯಿಗಳು ತೂಕದ ಯಂತ್ರದ ಮೇಲೆ ನಿಲ್ಲುವುದಿಲ್ಲ. ಕಾಲ ಕೆಳಗೆ ಅಲುಗಿದರೆ ಕಚ್ಚಲು ಬರುತ್ತವೆ. ಅದಕ್ಕೇ ಕಂಬಳಿಯನ್ನು ಜೋಲಿಯಂತೆ ಕಟ್ಟಿ, ನಾಯಿಯನ್ನು ಅದರೊಳಗೆ ಮಲಗಿಸಿ, ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕುತ್ತಿದ್ದೆವು. ತೂಕ ಗೊತ್ತಾಗದೆ ಔಷಧಿ ಇಲ್ಲ ಎಂಬುದು ಡಾಕ್ಟರ ಕಟ್ಟಪ್ಪಣೆ. ಆಮೇಲೆ ಆ ತೂಕಕ್ಕೆಂದೇ ಇರುವ ಪುಟ್ಟ ಟ್ಯೂಬು. ಕತ್ತಿನ ಹಿಂದೆ, ಎರಡು ಭುಜಗಳ ನಡುವೆ, ನಾಯಿಯ ನಾಲಿಗೆ ಮುಟ್ಟದ ಜಾಗದಲ್ಲಿ, ಬೈತಲೆ ತೆಗೆದ ಹಾಗೆ ಕೂದಲು ಬಿಡಿಸಿ, ಚರ್ಮ ಕಂಡ ಮೇಲೆ ಹನಿ ಬಿಡಬೇಕು. ಕೂದಲ ಮೇಲೆ ಬಿದ್ದರೆ ವೇಸ್ಟ್. ಹಾಲು ಕುಡಿಯುವ ಮರಿಗಳಿಗೆ ಹನಿ ಹಾಕುವಂತಿಲ್ಲ. ಅವಕ್ಕೆ ಸಣ್ಣ ಹಲ್ಲಿನ ಬಾಚಣಿಗೆ, ಬಾಚಿ ಬಂದ ಚಿಗಟವನ್ನು ಸೋಪಿನ ನೀರಿಗೆ ಜಾಡಿಸುವುದು. ಕೊನೆಗೆ ಎಲ್ಲರಿಗೂ ನನ್ನದು ಒಂದೇ ಪಾಠ. ಎರಡು ದಿನ ನಾಯಿಗೆ ನೀರು ಹಾಕಬೇಡಿ. ಉಣ್ಣಿ ಕಂಡರೆ ಚಿಮುಟದಲ್ಲಿ ಚರ್ಮದ ಬುಡಕ್ಕೆ ಹಿಡಿದು ನೇರವಾಗಿ ಎಳೆಯಿರಿ, ಹಿಸುಕಬೇಡಿ. ಮೈಮೇಲೆ ಸೀಮೆಎಣ್ಣೆ ಸುರಿಯಬೇಡಿ.

ಒಲೆಯ ಪಕ್ಕದ ಹೆಂಗಸು ಎಲ್ಲದಕ್ಕೂ "ಆಯ್ತು ಕಣಮ್ಮ" ಅಂದಳು. ಗಂಡ ತೀರಿಕೊಂಡಿದ್ದ. ಮೈದುನನ ಜೊತೆ ಸೇರಿ ಮಂದೆ ನಡೆಸುತ್ತಿದ್ದಳು. ನಾಲ್ಕು ನಾಯಿಗಳಿದ್ದವು, ಅದರಲ್ಲಿ ಆ ಬೂದು ಬಣ್ಣದ್ದರ ಹೆಸರು ಸುಬೇದಾರ. "ಶಿರಾದಾಗೆ ಹುಟ್ಟಿದ್ದಲ್ವಾ, ಅದುಕ್ಕೇ," ಎಂದು ವಿವರಿಸಿದಳು. ಮೊಗಲರ ಕಾಲದಲ್ಲಿ ಶಿರಾ ಸುಬೇದಾರರ ಊರಾಗಿತ್ತು. ಸುಬೇದಾರನಿಗೆ ಹನಿ ಬಿಡುವಾಗ ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬೆಟ್ಟದ ಅಂಚನ್ನೇ ನೋಡುತ್ತ ನಿಂತಿದ್ದ.

ಎರಡು ವಾರ ಬಿಟ್ಟು ಹೋದಾಗ ಗೊಂದಲ ಶುರುವಾಯಿತು.

ಕೊರಟಗೆರೆ ಕಡೆ, ಗೊರವನಹಳ್ಳಿಯ ಬಸ್ಸು ನಿಲ್ಲುವ ಜಾಗದಲ್ಲಿ ಹೂವು ಹಣ್ಣಿನ ಅಂಗಡಿಗಳ ಕೆಳಗೆ ಮಲಗುವ ನಾಯಿಗಳಿಗೂ ಇದೇ ಔಷಧಿ ಹಾಕಿದ್ದೆವು. ಅವುಗಳ ಕಿವಿ ತಿರುಗಿಸಿ ನೋಡಿದರೆ ಕ್ಲೀನ್. ಯಾರೂ ಸಾಕದ, ಯಾರೂ ತೊಳೆಯದ ಬೀದಿ ನಾಯಿಗಳು ಕ್ಲೀನ್! ಶಿರಾ ಕಡೆಯ ರೊಪ್ಪಗಳಲ್ಲಿ, ಮಕ್ಕಳ ಹಾಗೆ ನೋಡಿಕೊಳ್ಳುವ ನಾಯಿಗಳ ಮೈತುಂಬ ಉಣ್ಣಿ. ಔಷಧಿ ಅದೇ, ಡಬ್ಬ ಅದೇ, ಬಿಟ್ಟ ಕೈಯೂ ನನ್ನದೇ.

"ಇದೇಂಟಿ ಮೇಡಂ, ನಾಕು ಅರ್ಥಮೇ ಕಾಲೇದು," ಎಂದು ಡಾಕ್ಟರು ವ್ಯಾನಿನ ಬಾಗಿಲನ್ನು ಜೋರಾಗಿ ಹಾಕಿದರು.

ಅರ್ಥವಾಗದ್ದಕ್ಕೆ ನಾವು ಕೊಟ್ಟುಕೊಂಡ ಕಾರಣಗಳು ಒಂದೆರಡಲ್ಲ. ಬಿಸಿಲಿಗೆ ವ್ಯಾನಿನಲ್ಲಿ ಔಷಧಿ ಕೆಟ್ಟಿರಬಹುದೆಂದು ಐಸ್ ಡಬ್ಬ ತಂದೆವು. ತೂಕ ತಪ್ಪಿರಬಹುದೆಂದು ತಕ್ಕಡಿಗೆ ಅಕ್ಕಿ ಮೂಟೆ ತೂಗುಹಾಕಿ ನೋಡಿದೆವು, ಸರಿಯಾಗಿಯೇ ಇತ್ತು. ಕುರಿಗಳ ಮಧ್ಯೆ ಮಲಗಿ ಮೈಗೆ ಜಿಡ್ಡು ಹತ್ತಿ ಔಷಧಿ ಚರ್ಮಕ್ಕೆ ಇಳಿಯುವುದಿಲ್ಲವೇನೋ ಎಂದು ಡಾಕ್ಟರು ಒಂದು ದಿನ, ಉಣ್ಣಿಗಳೇ ಔಷಧಿಗೆ ಒಗ್ಗಿಹೋಗಿವೆಯೇನೋ ಎಂದು ಇನ್ನೊಂದು ದಿನ. ಟ್ರಸ್ಟಿನಿಂದ ಫೋನು ಬಂತು: "ಇನ್ನೊಂದು ಡೋಸ್ ಹಾಕಿಬಿಡಿ, ವಾಟ್ ಈಸ್ ದ ಪ್ರಾಬ್ಲಂ?" ತಿಂಗಳು ತುಂಬದೆ ಮತ್ತೆ ಹಾಕುವುದಿಲ್ಲ ಎಂದು ಡಾಕ್ಟರು ಹಟ ಹಿಡಿದರು. ಉಣ್ಣಿಗೆ ವಿಷವಾದದ್ದು ಮಿತಿ ಮೀರಿದರೆ ನಾಯಿಗೂ ವಿಷವೇ. ಅವರ ಹಟ ಸರಿ ಎಂದು ಗೊತ್ತಿತ್ತು. ಆದರೂ ಸುಬೇದಾರನ ಕಾಲ್ಬೆರಳ ಸಂದಿಯಲ್ಲಿ ಹಣ್ಣಾದ ಉಣ್ಣಿಗಳನ್ನು ನೋಡಿದಾಗ ನನ್ನ ಮನಸ್ಸು ಟ್ರಸ್ಟಿನವರ ಕಡೆಗೇ ವಾಲುತ್ತಿತ್ತು.

ತಿಂಗಳು ತುಂಬಿದ ದಿನ ಎರಡನೆಯ ಸುತ್ತಿಗೆ ಹೋದಾಗ ಸುಬೇದಾರ ಎದ್ದು ಬರಲಿಲ್ಲ.

ರೊಪ್ಪದ ಗೋಡೆಗೆ ಒರಗಿಕೊಂಡು ಮಲಗಿದ್ದ. ಡಾಕ್ಟರು ಅವನ ತುಟಿ ಎತ್ತಿ ಒಸಡು ತೋರಿಸಿದರು. ಗುಲಾಬಿ ಬಣ್ಣ ಇರಬೇಕಾದ್ದು ಸುಣ್ಣದ ಗೋಡೆಯ ಹಾಗೆ ಬಿಳುಪಾಗಿತ್ತು. ಮೈ ಸುಡುತ್ತಿತ್ತು. ಕಿವಿಯ ಅಂಚಿನಿಂದ ರಕ್ತ ತೆಗೆದು ಗಾಜಿನ ಮೇಲೆ ಸವರಿ, ವ್ಯಾನಿನ ಹಿಂಬದಿಯಲ್ಲಿಟ್ಟ ಮೈಕ್ರೋಸ್ಕೋಪಿನಲ್ಲಿ ಬಹಳ ಹೊತ್ತು ನೋಡಿದರು.

"ಟಿಕ್ ಫೀವರ್. ಉಣ್ಣಿ ಜ್ವರ. ಇವತ್ತು ಹನಿ ಬೇಡ ಇವನಿಗೆ. ಇಂಜೆಕ್ಷನ್ ಕೊಡ್ತೀನಿ, ಗುಳಿಗೆ ಶುರು ಮಾಡ್ತೀನಿ. ಉಣ್ಣಿ ಹೀಗೇ ಹತ್ತುತ್ತಾ ಇದ್ದರೆ ಏನು ಕೊಟ್ಟರೂ ಉಳಿಯಲ್ಲ."

ಹೆಂಗಸು ಅದನ್ನು ಕೇಳಿ ಅಳಲಿಲ್ಲ. ಅವಳಿಗೆ ಬೇರೆ ಲೆಕ್ಕವಿತ್ತು. "ಈ ವಾರ ಹೊಸಕೋಟೆಗೆ ಹೋಗ್ಬೇಕು ಕಣಮ್ಮ," ಅಂದಳು. ವೈ.ಎನ್.ಹೊಸಕೋಟೆಯ ಕಡೆ ಕಡಲೆಕಾಯಿ ಕಿತ್ತ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಲು ರೈತನೊಬ್ಬನಿಗೆ ಮಾತು ಕೊಟ್ಟಿದ್ದಳು. "ತಡ ಮಾಡುದ್ರೆ ಬೇರೆಯೋರ ಮಂದೆ ಬತ್ತದೆ. ಹೋದ್ರೆ, ಬಯಲಾಗೆ ತೋಳ. ಹೋದ ಸಲ ತೋಳ ಬಂದಾಗ ಇವು ಮೂರೂ ಬಾಲ ಮಡಿಕ್ಕಂಡು ನನ್ ಕಂಬಳಿ ಒಳಕ್ಕೆ ಬಂದ್ಬುಟ್ವು. ನಿಂತಿದ್ದು ಇವ್ನೊಬ್ನೇ. ಸುಬೇದಾರ ಇಲ್ದೆ ನಾನ್ ಹೆಂಗೆ ಬಯಲಾಗೆ ಮಂದೆ ಹಾಕ್ಲಿ?"

ಡಾಕ್ಟರು ನನ್ನ ಮುಖ ನೋಡಿದರು. ನಾನು ಅವರದು ನೋಡಿದೆ. ಉಳಿದ ಮೂರು ನಾಯಿಗಳಿಗೆ ಹನಿ ಬಿಟ್ಟು, ಪಾಠ ಒಪ್ಪಿಸಿ ಹೊರಟೆವು.

ಮರುದಿನ ಬೆಳಿಗ್ಗೆ ಡಾಕ್ಟರು ನನ್ನನ್ನು ರೊಪ್ಪದ ಹತ್ತಿರ ಇಳಿಸಿ ಮುಂದಿನ ಹಳ್ಳಿಗೆ ಹೋದರು. ಸುಬೇದಾರನ ಜ್ವರ ನೋಡಿ, ಗುಳಿಗೆ ಹೊಟ್ಟೆಗೆ ಹೋಯಿತೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳುವುದು ನನ್ನ ಕೆಲಸ. ನಾನು ಹೋದಾಗ ಹೆಂಗಸು ಸೆರಗು ಸಿಕ್ಕಿಸಿಕೊಂಡು, ಹಂಡೆಯಿಂದ ಬಿಸಿನೀರು ಮೊಗೆದು ನಾಯಿಗಳಿಗೆ ಸೀಗೆಕಾಯಿ ಹಾಕಿ ತಿಕ್ಕುತ್ತಿದ್ದಳು. ಸರಿಯಾಗಿ ಕತ್ತಿನ ಹಿಂದೆ. ನಾನು ಹನಿ ಬಿಟ್ಟ ಜಾಗದಲ್ಲೇ!

"ಓ ಮೈ ಗಾಡ್! ಏನು ಮಾಡ್ತಾ ಇದೀಯಾ?"

"ಕಾಣಾಕಿಲ್ವಾ? ತಲೆಗ್ ನೀರಾಕ್ತಾ ಇವ್ನಿ."

"ಎರಡು ದಿನ ನೀರು ಬೇಡ ಅಂತ ಎಷ್ಟು ಸಲ ಹೇಳಿದೀನಿ?"

"ನೀವೇನೋ ಹೇಳ್ತೀರ. ಎಣ್ಣೆ ಹಾಕ್ಬುಟ್ಟು ಹಂಗೇ ಹೊತ್ತು ಮುಳುಗಿದ್ಮೇಲೆ ಆಚೆ ಬುಟ್ರೆ ಗಾಳಿ ಮೆಟ್ಕತದೆ. ಗಾಳಿ ಬಿಡ್ಸಾಕೆ ನೀವ್ ಬತ್ತೀರಾ, ನಿಮ್ ಡಾಕ್ಟ್ರು ಬತ್ತಾರಾ?"

ನಮ್ಮ ಅಜ್ಜಿಯೂ ಹೀಗೇ. ತಲೆಗೆ ಎಣ್ಣೆ ಒತ್ತಿದರೆ ನೀರು ಹಾಕಿಕೊಳ್ಳುವ ತನಕ ಹೊಸಲು ದಾಟಲು ಬಿಡುತ್ತಿರಲಿಲ್ಲ. ಅದು ನನಗೆ ಗೊತ್ತಿದ್ದ ವಿಷಯವೇ. ನನ್ನ ಹನಿಯೂ ಅವಳಿಗೆ ಎಣ್ಣೆಯೇ, ನಾಯಿಗೂ ಅದೇ ಮರ್ಯಾದೆ ಸಲ್ಲುತ್ತದೆ ಎಂದು ಮಾತ್ರ ಹೊಳೆದಿರಲಿಲ್ಲ. ಪ್ರೀತಿಯಿಂದ ಸಾಕಿದ ನಾಯಿಗಳಿಗೆಲ್ಲ ಎಣ್ಣೆಸ್ನಾನ ಆಗಿತ್ತು, ಔಷಧಿ ಸೀಗೆಕಾಯಿಯ ಜೊತೆ ಮಣ್ಣಿಗೆ ಹೋಗಿತ್ತು. ಗೊರವನಹಳ್ಳಿಯ ಅನಾಥ ನಾಯಿಗಳ ತಲೆಗೆ ನೀರು ಹಾಕುವವರು ಯಾರೂ ಇರಲಿಲ್ಲ, ಅದಕ್ಕೇ ಅವು ಬದುಕಿದವು. ಎಲ್ಲ ಕ್ಲಿಯರ್ ಆಯಿತು ಎಂದು ಖುಷಿಯಿಂದ ಡಾಕ್ಟರಿಗೆ ಫೋನು ಮಾಡಿದೆ.

ಅವರು ಕೇಳಿದರು: "ಸುಬೇದಾರನಿಗೂ ಸ್ನಾನ ಮಾಡಿಸಿದ್ದಾರಾ ಕೇಳಿ."

ಕೇಳಿದೆ. ಹೆಂಗಸು ಗಲ್ಲಕ್ಕೆ ಕೈ ಹಚ್ಚಿಕೊಂಡು ನಕ್ಕಳು. "ಅವ್ನಿಗಾ? ಚೊಂಬು ಕಂಡ್ರೇ ಗುರ್ ಅಂತಾನೆ. ಮಳೆನಾಗೆ ನೆಂದ್ರೆ ಉಂಟು, ಹುಟ್ಟಿದಾಗಿಂದ ಅವ್ನ ತಲೆಗೆ ಒಂದ್ ಚೊಂಬು ನೀರು ಬಿದ್ದಿಲ್ಲ."

ಆ ತಿಂಗಳು ಮಳೆಯೂ ಬಂದಿರಲಿಲ್ಲ. ಅಲ್ಲಿಗೆ ನನ್ನ ಥಿಯರಿ ಮುಗಿಯಿತು. ಸ್ನಾನ ಮಾಡಿಸಿಕೊಂಡ ಮೂರು ನಾಯಿಗಳು ಓಡಾಡಿಕೊಂಡಿವೆ, ನೀರೇ ಮುಟ್ಟದವನು ಸಾಯುವ ಹಾಗೆ ಮಲಗಿದ್ದಾನೆ. ಅವನ ಪಕ್ಕ ಕೂತು, ರಾಗಿ ಮುದ್ದೆಯ ತುಣುಕಿನೊಳಗೆ ಗುಳಿಗೆ ಅಡಗಿಸಿ ಬಾಯಿಗೆ ಹಿಡಿದೆ. ನೆಕ್ಕಿದ, ನುಂಗಲಿಲ್ಲ. ಮತ್ತೆ ಹಿಡಿದೆ. ಅವನು ಕಣ್ಣು ಮುಚ್ಚಿದ. ಕೊನೆಗೆ ಹೆಂಗಸು ಬಂದು ಬೈದು ತಿನ್ನಿಸಿದಳು.

ಅದರ ಮಾರನೆಯ ದಿನ ಇನ್ನೂ ಕಷ್ಟದ್ದು. ನಾನು ವ್ಯಾನು ಇಳಿದು ರೊಪ್ಪದ ತಿರುವು ದಾಟುವ ಹೊತ್ತಿಗೆ ಮೈದುನ ಒಂದು ಡ್ರಮ್ಮಿನಲ್ಲಿ ಬೆಳ್ಳಗಿನ ನೀರು ಕಲಸುತ್ತಿದ್ದ. ಕಡ್ಡಿಯಿಂದ ಅಲ್ಲಾಡಿಸಿದಾಗ ಮೂಗಿಗೆ ಬಡಿಯುವ ವಾಸನೆ. ಕುರಿಗಳನ್ನು ಅದ್ದುವ ಔಷಧಿ. ಸುಬೇದಾರನ ಕತ್ತಿಗೆ ಹಗ್ಗ ಬಿಗಿದು ಡ್ರಮ್ಮಿನ ಪಕ್ಕಕ್ಕೆ ಎಳೆದು ತಂದಿದ್ದ. ಅವನ ಕಾಲುಗಳು ನಡುಗುತ್ತಿದ್ದವು.

"ನಿಲ್ಲಿಸಪ್ಪ! ಅದನ್ನ ಹಾಕಬೇಡ!"

"ಏನ್ ಮೇಡಮ್ಮ, ನಿಮ್ದು ಎಲ್ಡು ಹನಿ, ನಮ್ದು ಒಂದ್ ಡ್ರಮ್ಮು. ಯಾವ್ದು ಜೋರು?" ಎಂದು ಹಲ್ಲು ಕಿರಿದ.

"ಎಷ್ಟು ಹಾಕಿದೀಯಾ ನೀರಿಗೆ?"

"ಕುರಿಗೆ ಹಾಕೋದ್ರ ಮೇಲೆ ಇನ್ನೊಂದ್ ಮುಚ್ಚಳ. ನಾಯಿ ಉಣ್ಣಿ ಗಟ್ಟಿ."

ಬಾಟಲಿ ಕೊಡು ಎಂದೆ. ಚೀಟಿ ಬಿಸಿಲಿಗೆ ಬಿಳಿಚಿಹೋಗಿತ್ತು, ಒಂದಕ್ಷರವೂ ಇಲ್ಲ. ಯಾವ ಔಷಧಿ ಎಂದೇ ಗೊತ್ತಿಲ್ಲದೆ ಏನಾದರೂ ಆದರೆ ಡಾಕ್ಟರು ಯಾವುದಕ್ಕೆ ಚಿಕಿತ್ಸೆ ಮಾಡಬೇಕು? ಕೂಗಾಡಿದರೆ ಅವನು ಇನ್ನಷ್ಟು ಹಟ ಹಿಡಿಯುತ್ತಾನೆ ಅನ್ನಿಸಿತು.

"ಕುರಿ ತನ್ನ ಮೈ ನೆಕ್ಕಿಕೊಳ್ಳುತ್ತೇನಪ್ಪಾ?"

"ಇಲ್ಲ."

"ನಾಯಿ?"

ಅವನು ಕಡ್ಡಿ ತಿರುಗಿಸುವುದನ್ನು ನಿಲ್ಲಿಸಿದ. "ಬಾಯಿಗೆ ಕುಕ್ಕೆ ಕಟ್ಬುಟ್ರೆ?"

"ಎಷ್ಟು ದಿನ ಕಟ್ತೀಯಾ? ನೀರು ಕುಡಿಯೋದು ಬೇಡ್ವಾ ಅವನು? ರಕ್ತ ಇಲ್ಲದೆ ನಡುಗ್ತಾ ಇದಾನೆ. ಕುರಿಯ ಅಳತೆ ನಾಯಿಗಲ್ಲ ಕಣಪ್ಪ, ಅದರ ಮೇಲೆ ಇನ್ನೊಂದು ಮುಚ್ಚಳ ಬೇರೆ."

ಹೆಂಗಸು ಮಂದೆಯ ಕಡೆಯಿಂದ ಓಡಿ ಬಂದಳು. "ಲೇ, ಬುಡ್ಲಾ ಹಗ್ಗನಾ! ನಾನ್ ಹೇಳಿದ್ನೇನ್ಲಾ ನಿಂಗೆ?"

"ನೀನೇ ಅಂದಲ್ಲ ಅತ್ತಿಗೆ, ಹೆಂಗಾರ ಮಾಡಿ ಎಬ್ಬಿಸು ಅಂತ. ಎಬ್ಬಿಸ್ತಾ ಇವ್ನಿ."

"ಎಬ್ಬಿಸಾದು ಅಂದ್ರೆ ಮೇಲಕ್ಕೇ ಕಳ್ಸಾದೇನ್ಲಾ?"

ಮೈದುನ ಮುಖ ಊದಿಸಿಕೊಂಡು ಹಗ್ಗ ಬಿಚ್ಚಿದ. ಅವನೂ ಸುಬೇದಾರ ಏಳಲಿ ಎಂದೇ ಮಾಡಿದ್ದು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನಗೆ ಆಗಲಿಲ್ಲ. ಕೈ ಸೋಪು ಹಾಕಿ ತೊಳೆದುಕೋ ಎಂದು ಹೇಳಿ, ರೊಪ್ಪದ ಗೋಡೆಯ ಮೇಲೆ ಕೂತೆ.

ಕೂತು ಸ್ವಲ್ಪ ಹೊತ್ತಾಗಿರಬೇಕು. ಬಿಳಿ ಸೀರೆ ಉಟ್ಟಿದ್ದೆ. ಅಂಚಿನ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಂಡಿತು. ಆ ಎಳ್ಳು ನಡೆಯುತ್ತಿತ್ತು. ಎದ್ದು ಕೊಡವಿ, ಕೂತಿದ್ದ ಕಲ್ಲನ್ನು ಪಕ್ಕಕ್ಕೆ ಸರಿಸಿದೆ. ಸಂದಿಯಲ್ಲಿ ಒಂದರ ಮೇಲೊಂದು ಉಣ್ಣಿ, ಮರಿ ಉಣ್ಣಿ, ಕಂದು ಮೊಟ್ಟೆಗಳ ಗಂಟು. ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಗೋಡೆ ಅದು, ಸಂದಿಗಳಿಗೆ ಕೊರತೆಯಿಲ್ಲ. ಸುಬೇದಾರ ದಿನವೂ ಇದೇ ಗೋಡೆಗೆ ಒರಗಿ ಮಲಗುತ್ತಿದ್ದ. ಉಳಿದ ಮೂರು ನಾಯಿಗಳು ಹೆಂಗಸಿನ ಗುಡಿಸಲ ಒಳಗೆ ಮಲಗುತ್ತಿದ್ದವು. ನಾವು ನಾಯಿಯ ಮೇಲಿನ ಉಣ್ಣಿಗಳನ್ನಷ್ಟೇ ನೋಡುತ್ತಿದ್ದೆವು. ಬಹುಪಾಲು ಉಣ್ಣಿಗಳು ನಾಯಿಯ ಮೇಲೆ ಇರಲೇ ಇಲ್ಲ.

ಹಾಗಾದರೆ ಇದೇ ಕಾರಣವೇ? ಆಗಲೂ ನನಗೆ ಪೂರ್ತಿ ಧೈರ್ಯವಿರಲಿಲ್ಲ. ಹನಿ ನಿಜವಾಗಿ ಕೆಲಸ ಮಾಡಿದ್ದರೆ ಗೋಡೆಯಿಂದ ಹತ್ತಿದವೂ ಸಾಯಬೇಕಿತ್ತಲ್ಲ ಎಂದು, ನನ್ನನ್ನು ಕರೆದೊಯ್ಯಲು ಬಂದ ಡಾಕ್ಟರನ್ನು ಕೇಳಿದೆ. "ಸಾಯ್ತವೆ, ಆದರೆ ಇಷ್ಟು ಹತ್ತಿದರೆ..." ಎಂದು ಕೈ ತಿರುವಿದರು.

ಅವರ ಸಲಹೆ ಬೇರೆ ಇತ್ತು. ಸುಬೇದಾರನನ್ನು ಮಧುಗಿರಿಯ ಶೆಡ್ಡಿಗೆ ಒಯ್ಯೋಣ, ನಮ್ಮ ಕಣ್ಣೆದುರಿಗೆ ಇರಲಿ, ಗುಳಿಗೆ ನಾವೇ ಕೊಡೋಣ, ರಕ್ತ ಮತ್ತೆ ಮತ್ತೆ ನೋಡೋಣ. ಮೆಡಿಕಲಿ ಅದೇ ಸರಿ. ಹೆಂಗಸು ಸುಬೇದಾರನ ಕಿವಿ ಸವರುತ್ತಿದ್ದಳು. ಆಮೇಲೆ ನನ್ನನ್ನು ಕೇಳಿದಳು: "ಅಲ್ಲಿ ಅವ್ನು ನಿಮ್ ಕೈಯಾಗೆ ಮುದ್ದೆ ತಿಂತಾನಾ ಅಮ್ಮಾರೆ?"

ನಿನ್ನೆ ಅವನು ಕಣ್ಣು ಮುಚ್ಚಿಕೊಂಡದ್ದು ನೆನಪಾಯಿತು. ತಿನ್ನುವುದಿಲ್ಲ.

ಕಾನ್ವೆಂಟಿನಲ್ಲಿ ಸೈನ್ಸ್ ಹೇಳುತ್ತಿದ್ದ ಸಿಸ್ಟರ್ ಅವರೆ ಬೀಜದ ಕುಂಡಗಳನ್ನು ಕಿಟಕಿಯಲ್ಲಿಟ್ಟು, "ಚೇಂಜ್ ಓನ್ಲಿ ಒನ್ ಥಿಂಗ್ ಅಟ್ ಎ ಟೈಮ್, ಗರ್ಲ್ಸ್" ಅನ್ನುತ್ತಿದ್ದರು. ನೀರು ಬದಲಿಸಿದರೆ ಬಿಸಿಲು ಬದಲಿಸಬೇಡಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತೆಂದು ಎಂದೂ ತಿಳಿಯುವುದಿಲ್ಲ. ಆ ದಿನ ನಾನು ಎಲ್ಲವನ್ನೂ ಒಟ್ಟಿಗೇ ಬದಲಿಸಿದೆ. ತಿಳಿಯುವುದು ಬೇಡ, ಉಳಿದರೆ ಸಾಕು ಅನ್ನಿಸಿತ್ತು. ಅವನು ಅವಳ ಜೊತೆ ಹೊಸಕೋಟೆಗೆ ಹೋಗಲಿ, ಈ ಗೋಡೆಯಿಂದ ದೂರ ಹೋಗಲಿ ಎಂದೆ. ಜ್ವರದ ಗುಳಿಗೆ ಅವಳ ಕೈಯಿಂದಲೇ, ಹೊಟ್ಟೆಗೆ ಮುದ್ದೆ ಬಿದ್ದ ಮೇಲೆ, ತಿಂಗಳು ಪೂರ್ತಿ. ಇನ್ನು ಹನಿ ಬೇಡ. ಉಣ್ಣಿ ಸಾಯಲು ಅವನ ತೂಕ ನೋಡಿ ಅಗಿಯುವ ಗುಳಿಗೆ ಕೊಡಿ, ಅದಕ್ಕೆ ಸೀಗೆಕಾಯಿಯ ಭಯವಿಲ್ಲ ಎಂದು ಡಾಕ್ಟರಿಗೆ ಹೇಳಿದೆ.

ಡಾಕ್ಟರು ಹೆಂಗಸನ್ನು ಕೇಳಿದ್ದು ಒಂದೇ: "ಇವನಿಗೆ ಯಾವಾಗಾದ್ರೂ ಫಿಟ್ಸ್ ಬಂದಿತ್ತಾ?" ಫಿಟ್ಸ್ ಬರುವ ನಾಯಿಗೆ ಆ ಗುಳಿಗೆ ಅಪಾಯ. ಬಂದಿರಲಿಲ್ಲ. "ಸರೆ," ಎಂದು ಕಂಬಳಿ ಜೋಲಿ ಕಟ್ಟಿದರು. ಸುಬೇದಾರ ಮೊದಲ ಸಲಕ್ಕಿಂತ ಬಹಳ ಹಗುರವಾಗಿದ್ದ.

ಹೊರಡುವ ದಿನ ಇಡೀ ಬೆಳಿಗ್ಗೆ ನಾನೂ ಅವಳೂ ಎರಡು ಚಿಮುಟ ಹಿಡಿದು ಅವನ ಮೈಯಿಂದ ಉಣ್ಣಿ ತೆಗೆದು ಸ್ಪಿರಿಟ್ಟಿನ ಬಾಟಲಿಗೆ ಹಾಕಿದೆವು. ಅವನು ಮಲಗುತ್ತಿದ್ದ ಕಂಬಳಿ ಜೊತೆಗೆ ಹೋಗಬಾರದು ಎಂದೆ. ಅದಕ್ಕೆ ದೊಡ್ಡ ಜಗಳವಾಯಿತು. ಅವಳ ಗಂಡನ ಕಂಬಳಿ ಅದು. ಪ್ಲಾಸ್ಟಿಕ್ ಗೊಬ್ಬರದ ಚೀಲದಲ್ಲಿ ಹಾಕಿ, ಬಾಯಿ ಬಿಗಿದು, ಬಂಡೆಯ ಮೇಲೆ ಸುಡುಬಿಸಿಲಿಗೆ ಇಡೋಣ, ಮೈದುನ ಆಮೇಲೆ ತರಲಿ ಎಂಬಲ್ಲಿಗೆ ರಾಜಿಯಾಯಿತು. ಲಗೇಜ್ ಆಟೋದಲ್ಲಿ ಪಾತ್ರೆ, ಮೂಟೆ, ಆಗತಾನೇ ಹುಟ್ಟಿದ ಕುರಿಮರಿಗಳು, ಅವುಗಳ ಮಧ್ಯೆ ಸುಬೇದಾರ. ಒಂದು ಮರಿ ಅವನ ಹೊಟ್ಟೆಯಲ್ಲಿ ಹಾಲು ಹುಡುಕುತ್ತಿತ್ತು. ಅವನಿಗೆ ಗುರ್ ಅನ್ನಲೂ ಶಕ್ತಿ ಇರಲಿಲ್ಲ.

ಒಂದು ಸಲ ಫೋನು ಬಂತು: "ಮುದ್ದೆ ತಿಂತಾ ಅವ್ನೆ." ಆಮೇಲೆ ಸ್ವಿಚ್ ಆಫ್. ಖಾಲಿಯಾದ ರೊಪ್ಪದ ಗೋಡೆಗೆ ಡಾಕ್ಟರು ಮುಖ ಕಟ್ಟಿಕೊಂಡು ಔಷಧಿ ಹೊಡೆದರು, ನಾನು ದೂರ ನಿಂತು ನೋಡಿದೆ. ದಿನಾ ನಂಬರು ಒತ್ತುತ್ತಿದ್ದೆ. ನಾನೇ ತಪ್ಪು ಮಾಡಿದೆನೇ, ಶೆಡ್ಡಿಗೆ ತರಬೇಕಿತ್ತೇ ಎಂದು ಡಾಕ್ಟರನ್ನು ಕೇಳಿದರೆ, "ನಾಕೇಂ ತೆಲುಸು ಮೇಡಂ," ತಮಗೇನು ಗೊತ್ತು ಎಂದು ನನಗೇ ಕೈಮುಗಿಯುತ್ತಿದ್ದರು.

ಗುಳಿಗೆ ಮುಗಿಯುವ ಹೊತ್ತಿಗೆ ಹೊಸಕೋಟೆಗೆ ಹೊರಟೆವು. ವಿಚಾರಿಸುತ್ತ ವಿಚಾರಿಸುತ್ತ ಮಧ್ಯಾಹ್ನವಾಯಿತು. ಕೊನೆಗೆ ಕಡಲೆಕಾಯಿ ಕಿತ್ತ ಕೆಂಪು ಹೊಲವೊಂದರ ಆ ತುದಿಯಲ್ಲಿ ಮಂದೆ ಕಂಡಿತು. ಡಾಕ್ಟರು ರಸ್ತೆಯಲ್ಲಿ ವ್ಯಾನು ತಿರುಗಿಸುತ್ತಿದ್ದರು. ನಾನು ಚೀಲದಲ್ಲಿ ಚಿಮುಟ ಇಟ್ಟುಕೊಂಡು ಬದುವಿನ ಮೇಲೆ ನಡೆದೆ.

ಅರ್ಧ ದಾರಿಗೆ ಕುರಿಗಳ ನಡುವಿನಿಂದ ಬೂದು ಬಣ್ಣದ್ದೊಂದು ಎದ್ದು ನಿಂತಿತು. ಬೊಗಳುತ್ತ ನೇರವಾಗಿ ನನ್ನ ಕಡೆಗೇ ಬಂತು. "ಸುಬೇದಾರಾ," ಎಂದು ಕರೆದೆ. ಹೆಸರು ಕೇಳಿ ಅವನಿಗೆ ಇನ್ನೂ ಸಿಟ್ಟು ಬಂತು. ನಾಲ್ಕು ಮಾರು ದೂರದಲ್ಲಿ ನಿಂತು, ಕತ್ತಿನ ಕೂದಲೆಲ್ಲ ನಿಗುರಿಸಿ, ಇನ್ನೊಂದು ಹೆಜ್ಜೆ ಇಡು ನೋಡೋಣ ಎಂಬಂತೆ ಗುರುಗುಟ್ಟಿದ.

ಆಚೆಯಿಂದ ಹೆಂಗಸು ಕೂಗಿದಳು. "ಅಲ್ಲೇ ನಿಂತ್ಕಳಿ ಅಮ್ಮಾರೆ! ಬುಡಾಕಿಲ್ಲ ಅವ್ನು!"

"ಒಸಡು ನೋಡಬೇಕು!" ನಾನೂ ಕೂಗಿದೆ. "ಬಣ್ಣ ಬಂದಿದೆಯಾ ಅಂತ!"

"ಅಲ್ಲಿಂದ್ಲೇ ನೋಡ್ಕಳಿ! ಹೆಂಗೂ ಹಲ್ಲು ಬುಟ್ಟವ್ನೆ!"

ನೋಡಿದೆ. ಗುಲಾಬಿ ಬಣ್ಣವೇ ಇರಬೇಕು. ಕೆಂಪು ಮಣ್ಣು, ನೆತ್ತಿಯ ಬಿಸಿಲು, ನನ್ನ ಕಣ್ಣಿನ ಪೊರೆ, ಇವುಗಳ ನಡುವೆ ಆಣೆ ಇಟ್ಟು ಹೇಳಲಾರೆ. ಅವನ ಕಿವಿಯೊಳಗೆ ಉಣ್ಣಿ ಇದ್ದವೋ ಇಲ್ಲವೋ, ಯಾವ ಗುಳಿಗೆ ಅವನನ್ನು ಎಬ್ಬಿಸಿತೋ, ಗೋಡೆ ಬಿಟ್ಟು ಬಂದದ್ದಕ್ಕೇ ಎದ್ದನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆಮೇಲೆ ಆ ಹೊಲದಿಂದ ಮಂದೆ ಆಂಧ್ರದ ಕಡೆಗೆ ದಾಟಿತಂತೆ.

ಆ ಮಧ್ಯಾಹ್ನ ನಾನು ಒಂದು ಹೆಜ್ಜೆ ಹಿಂದೆ ಇಟ್ಟೆ. ಸುಬೇದಾರ ಬೊಗಳುವುದನ್ನು ನಿಲ್ಲಿಸಿದ. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು, ಬಾಯ್ತುಂಬ ನಗುತ್ತ, ಮಂದೆಯ ಆ ಬದಿಯಲ್ಲಿ ನಿಂತಿದ್ದಳು. ನಾನು ಅವಳನ್ನು ಕೊನೆಯ ಸಲ ಕಂಡದ್ದು ಹಾಗೆ, ಹೊಲದ ಈಚೆಯಿಂದ.